ಅಪಘಾತ ಆಗಿ ಒಂಬತ್ತನೇ ದಿನಕ್ಕ ಸ್ಪ್ಲೀನ್ (ಹೊಟ್ಟಿ ಎಡಕ್ಕಿರೋ ಗುಲ್ಮ) ಒಡದೈತಿ, ಕ್ಲೇಮ್ ಸಿಗ್ತೈತೇನ್ರಿ?

ಚಿಂಚವಾಡ:
ಪುಣೇದಾಗ ನವಲೆ ಬ್ರಿಜ್ ಹತ್ರ ತಮ್ಮನ ಬೈಕಿಗೆ ಟೆಂಪೊ ಬಡೀತು. ಹ್ಯಾಂಡಲ್ ಎಡಪಕ್ಕಿಗೆ ಚುಚ್ಚಿ ರೂಪಾಯಿಯಷ್ಟು ದುಂಡಗ ನೀಲಿ ಗುರುತು ಬಿದ್ದಿತ್ತು, ಫೋಟೋ ಐತಿ. ಸೋನೋಗ್ರಫಿ ಮಾಡಿ 'ಏನೂ ಇಲ್ಲ' ಅಂತ ಕಳಿಸಿದ್ರು. ಒಂಬತ್ತನೇ ದಿನ ತಲಿ ತಿರುಗಿ ಬಿದ್ದ. ಬ್ಯಾರೆ ದವಾಖಾನ್ಯಾಗ ಸ್ಪ್ಲೀನ್ ತಗದಾರ. ಪೊಲೀಸ್ ಕಾಗದದಾಗ 'ಸಾದಾ ಗಾಯ' ಅಂತೈತಿ. ಇನ್ಶೂರೆನ್ಸಿನವ್ರು ಒಪ್ತಾರೇನ್ರಿ?

ಡಾಕ್ಟರ್, ಔಂಧ್:
ಸ್ಪ್ಲೀನಿಗೆ ತೆಳು ಕವಚ ಇರುತ್ತೆ. ಪೆಟ್ಟಿನ ರಕ್ತ ಅದರಡಿಯೇ ಹೆಪ್ಪುಗಟ್ಟಿ, ಕವಚ ತಡೆಯುವಷ್ಟು ದಿನ ತಡೆಯುತ್ತೆ. ತುರ್ತು ಸೋನೋಗ್ರಫಿ ಹುಡುಕೋದು ಹೊಟ್ಟೆಯೊಳಗೆ ಚೆಲ್ಲಿದ ರಕ್ತವನ್ನ; ಅದಕ್ಕೇ ಮೊದಲ ದಿನ ಕಂಡಿರಲಿಕ್ಕಿಲ್ಲ. ಕಾಂಟ್ರಾಸ್ಟ್ ಸಿಟಿ (ರಕ್ತನಾಳಕ್ಕೆ ಔಷಧಿ ಚುಚ್ಚಿ ತೆಗೆಯುವ ಸ್ಕ್ಯಾನ್) ಮಾಡಿದ್ದರೆ ಕಾಣುವ ಸಾಧ್ಯತೆ ಹೆಚ್ಚಿತ್ತು. 48 ಗಂಟೆ ದಾಟಿ ಒಡೆದರೆ ಅದಕ್ಕೆ ಡಿಲೇಡ್ ರಪ್ಚರ್ ಅಂತಲೇ ಹೆಸರು. ಅಪಘಾತದ ದಿನಾಂಕ, ಎಡಪಕ್ಕೆಯ ಪೆಟ್ಟು, ಅದರಿಂದಲೇ ಒಡೆದಿದೆ ಎಂಬ ಅಭಿಪ್ರಾಯ, ಮೂರನ್ನೂ ಸರ್ಜನ್ ಕೈಲಿ ಬರೆಸಿಕೊಳ್ಳಿ. ತೆಗೆದ ಸ್ಪ್ಲೀನಿನ ಬಯಾಪ್ಸಿ ರಿಪೋರ್ಟ್ ಬಿಡಬೇಡಿ. ಮಲೇರಿಯಾದಿಂದ ಊದಿದ್ದು ಒಡೆಯಿತು ಅಂತ ಕಂಪನಿ ವಾದಿಸಿದರೆ ಉತ್ತರ ಅದರಲ್ಲೇ ಇರುತ್ತೆ.

ಸ್ಪ್ಲೀನ್ ಇಲ್ಲದವರಿಗೆ ಕೆಲವು ಸೋಂಕು ಜೋರಾಗಿ ಬರಬಹುದು. ತಮ್ಮನಿಗೆ ಅವನ್ನು ತಡೆಯುವ ನ್ಯುಮೋಕಾಕಲ್, ಮೆನಿಂಗೋಕಾಕಲ್, ಹಿಬ್ ಲಸಿಕೆ ಆಯ್ತಾ? ತುರ್ತು ಆಪರೇಷನ್ ಆದವರಿಗೆ ಸಾಮಾನ್ಯವಾಗಿ 14 ದಿನದ ನಂತರ ಕೊಡ್ತಾರೆ. ಇನ್ನು ಮುಂದೆ ಜ್ವರ ಬಂದರೆ ಮನೆಯಲ್ಲಿ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

ವಕೀಲ, ಶಿವಾಜಿನಗರ:
ಜೀವಕ್ಕೆ ಅಪಾಯ ತಂದ ಗಾಯ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ ಪ್ರಕಾರ ಗಂಭೀರ ಗಾಯ. ಡಿಸ್ಚಾರ್ಜ್ ಕಾರ್ಡ್ ಲಗತ್ತಿಸಿ, 125(ಬಿ) (ದುಡುಕು, ನಿರ್ಲಕ್ಷ್ಯದಿಂದ ಗಂಭೀರ ಗಾಯ) ಸೇರಿಸಿ ಅಂತ ತನಿಖಾಧಿಕಾರಿಗೆ ಅರ್ಜಿ ಕೊಡಿ, ನಿಮ್ಮ ಪ್ರತಿಗೆ ಶಿಕ್ಕಾ ಹಾಕಿಸಿಕೊಳ್ಳಿ. ಪರಿಹಾರದ ಅರ್ಜಿ ಹಾಕಲು ಮೋಟಾರು ವಾಹನ ಕಾಯ್ದೆಯ 166(3) ಕೊಡುವ ಆರು ತಿಂಗಳು ಅಪಘಾತದ ದಿನದಿಂದಲೇ ಎಣಿಕೆ, ಆಪರೇಷನ್ ದಿನದಿಂದಲ್ಲ. ತಪ್ಪು ಯಾರದು ಅಂತ ನೋಡದೆ 164ರ ಕೆಳಗೆ ಕೊಡುವ 2.5 ಲಕ್ಷಕ್ಕೆ ಅವಸರದಲ್ಲಿ ಸಹಿ ಮಾಡಬೇಡಿ. ತಗೊಂಡರೆ 166ರ ಅರ್ಜಿ ಬಿದ್ದುಹೋಗುತ್ತೆ. ಫೋಟೋ ಇರುವ ಫೋನ್ ಮಾರಬೇಡಿ, ಡಿಜಿಟಲ್ ಫೋಟೋ ಸಾಕ್ಷ್ಯವಾಗಲು ಸಾಕ್ಷ್ಯ ಅಧಿನಿಯಮದ 63ರ ಪ್ರಮಾಣಪತ್ರ ಬೇಕಾಗುತ್ತೆ.

ಎರಡನೇ ಆಸ್ಪತ್ರೆಯ ಕೇಸ್ ಪೇಪರಿನಲ್ಲಿ ಹಿಸ್ಟರಿ ಏನಂತ ಬರೆದಿದ್ದಾರೆ?

ಚಿಂಚವಾಡ:
'ಮನ್ಯಾಗ ಬಿದ್ದ' ಅಂತ ಬರದಾರ್ರಿ. ಗಾಬರ್ಯಾಗ ಹಂಗ ಹೇಳಿದ್ವಿ.

ವಕೀಲ, ಶಿವಾಜಿನಗರ:
ಕಂಪನಿಯವರು ಮೊದಲು ಹಿಡಿಯೋದೇ ಆ ಸಾಲನ್ನ. ಅದನ್ನ ಹೊಡೆದುಹಾಕಿಸಿ ತಿದ್ದಿಸಬೇಡಿ, ತಿದ್ದಿದ ಪೇಪರ್ ಕೇಸನ್ನೇ ಮುಳುಗಿಸುತ್ತೆ. ತಲೆ ತಿರುಗಿ ಬಿದ್ದದ್ದು ಹೌದು, ಪೆಟ್ಟು ಮಾತ್ರ ಒಂಬತ್ತು ದಿನದ ಹಿಂದಿನದು: ಇದನ್ನ ಸರ್ಜನ್ ಇವತ್ತಿನ ತಾರೀಖು ಹಾಕಿ ಬೇರೆ ಸರ್ಟಿಫಿಕೇಟಿನಲ್ಲಿ ಬರೆದು ಕೊಡಲಿ. ಮೊದಲ ಆಸ್ಪತ್ರೆಯ ಪೇಪರ್ ಮತ್ತು ಆ ಫೋಟೋ ತಗೊಂಡೇ ಅವರ ಹತ್ತಿರ ಹೋಗಿ.