ಸುಮ್ನೆ ಕೂತರೆ ಏನೋ ತಪ್ಪು ಮಾಡಿದ ಹಾಗನ್ನಿಸುತ್ತೆ: ಇದು ಶಿಸ್ತೋ, ಗೀಳೋ?

ಪ್ರಶ್ನೆ (ಹೆಸರು ಬೇಡ ಎಂದಿದ್ದಾರೆ): ನಮಸ್ಕಾರ ಮೇಡಂ. ನನಗೆ 34 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ವ್ಯಾಯಾಮ, ಓದು, ಜರ್ಮನ್ ಪಾಠ, ಆಮೇಲೆ ಆಫೀಸು, ರಾತ್ರಿ ಒಂದು ಆನ್‌ಲೈನ್ ಕೋರ್ಸ್. ಎಲ್ಲಕ್ಕೂ ಫೋನಿನಲ್ಲಿ ಆಪ್ ಇದೆ. ಮುಗಿದಿದ್ದಕ್ಕೆ ಟಿಕ್ ಹಾಕುತ್ತೇನೆ. ಪಾತ್ರೆ ತೊಳೆಯುವಾಗಲೂ ಕಿವಿಗೆ ಪಾಡ್‌ಕಾಸ್ಟ್ ಬೇಕು, ಅದೂ ಡಬಲ್ ಸ್ಪೀಡಿನಲ್ಲಿ. ಒಂದು ಟಿಕ್ ತಪ್ಪಿದರೆ ಆ ರಾತ್ರಿ ನಿದ್ದೆ ಬರಲ್ಲ. ಮೊನ್ನೆ ಅಮ್ಮ ತಿಪಟೂರಿಂದ ಬಂದಿದ್ದರು. ಅವರೆಕಾಳು ಹಿತುಕೋಣ ಬಾ ಅಂತ ಕರೆದರು. ಹೋಗಿ ಕೂತೆ, ಆದರೆ ಒಳಗೆಲ್ಲ ಚಡಪಡಿಕೆ. "ಹಿತುಕಿದ ಬೇಳೆ ಅಂಗಡಿಯಲ್ಲೇ ಸಿಗುತ್ತಲ್ಲಮ್ಮ, ಯಾಕೆ ಟೈಮ್ ವೇಸ್ಟ್" ಅಂದುಬಿಟ್ಟೆ. ಅಮ್ಮ ಏನೂ ಅನ್ನಲಿಲ್ಲ. ಹೆಂಡತಿ ಮಾತ್ರ "ನಿಮಗೇನೋ ಆಗಿದೆ" ಅನ್ನುತ್ತಾಳೆ. ನನಗೆ ಇದು ಶಿಸ್ತು ಅಂತಲೇ ಅನ್ನಿಸುತ್ತೆ. ಸೋಮಾರಿಯಾಗೋದು ಇದಕ್ಕಿಂತ ಒಳ್ಳೇದಾ?

ಉತ್ತರ (ಆಪ್ತ ಸಮಾಲೋಚಕಿ): ನಮಸ್ಕಾರ. ಐದಕ್ಕೆ ಏಳಿ, ಜರ್ಮನ್ನೂ ಕಲಿಯಿರಿ, ನನ್ನ ತಕರಾರಿಲ್ಲ. ಆದರೆ ಒಂದು ಟಿಕ್ ತಪ್ಪಿದರೆ ನಿದ್ದೆ ಹೋಗುತ್ತೆ ಅಂತ ಬರೆದಿದ್ದೀರಲ್ಲ, ನಾನು ಅಲ್ಲೇ ನಿಂತೆ. ಶಿಸ್ತಿರುವವರು ಒಂದು ದಿನ ಬಿಟ್ಟರೆ "ಹೋಗ್ಲಿ, ನಾಳೆ ಮಾಡೋಣ" ಅಂದುಕೊಂಡು ಮಲಗುತ್ತಾರೆ.

ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದವರು 2012ರಲ್ಲಿ ಕೆಲಸದ ಗೀಳನ್ನು ಅಳೆಯಲು 7 ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಕೆಲಸಕ್ಕೆ ಇನ್ನಷ್ಟು ಸಮಯ ಹೇಗೆ ಉಳಿಸಲಿ ಅಂತ ಸದಾ ಲೆಕ್ಕ ಹಾಕ್ತೀರಾ? ಕಳವಳ, ಅಪರಾಧಿ ಭಾವ ಕಡಿಮೆಯಾಗಲಿ ಅಂತಲೇ ಕೆಲಸ ಮಾಡ್ತೀರಾ? ಕಡಿಮೆ ಮಾಡು ಅಂತ ಹತ್ತಿರದವರು ಹೇಳಿದರೂ ಕಿವಿಗೆ ಹಾಕಿಕೊಳ್ಳಲ್ವಾ? ಕೆಲಸ ಮಾಡಲು ಬಿಡದಿದ್ದರೆ ಚಡಪಡಿಸ್ತೀರಾ? ಹೀಗೆ. ಏಳರಲ್ಲಿ ನಾಲ್ಕಕ್ಕಾದರೂ "ಆಗಾಗ" ಅಥವಾ "ಯಾವಾಗಲೂ" ಅನ್ನೋ ಉತ್ತರ ಬಂದರೆ ಗಮನ ಕೊಡಬೇಕು. ನಾನು ಮೇಲೆ ಬರೆದ ನಾಲ್ಕೂ ನಿಮ್ಮ ಪ್ರಶ್ನೆಯಲ್ಲೇ ಇವೆ, ನೋಡಿಕೊಳ್ಳಿ.

ಕಾಯಿಲೆನಾ ಅಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಕೆಲಸದ ಗೀಳು ಅನ್ನೋ ಹೆಸರಿಲ್ಲ. ಬರ್ನೌಟ್ (ಕೆಲಸದ ಒತ್ತಡದಿಂದ ಪೂರ್ತಿ ಬಸವಳಿಯೋದು) ಎನ್ನುವುದು ಅದರಲ್ಲಿದೆ, ಅದನ್ನೂ ಕಾಯಿಲೆ ಅಂದಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂದಿದ್ದಾರೆ. ಹೆಸರಿಲ್ಲ ಅಂದಮಾತ್ರಕ್ಕೆ ನಿಮ್ಮ ಸಂಕಟ ಸುಳ್ಳಾಗಲ್ಲ.

ಒಳಗೆ ನಡೆಯೋದು ಇಷ್ಟು. ಕಳವಳ ಏಳುತ್ತೆ, ಏನೋ ಒಂದು ಕೆಲಸ ಮುಗಿಸುತ್ತೀರಿ, ಟಿಕ್ ಬೀಳುತ್ತೆ, ಸ್ವಲ್ಪ ಹೊತ್ತು ನಿರಾಳ. ಕಜ್ಜಿ ಕೆರೆದುಕೊಂಡ ಹಾಗೆ. ಕೆರೆದಷ್ಟೂ ತುರಿಕೆ ಜಾಸ್ತಿ. ಕೆಲಸ ಮಾಡದೆಯೂ ಕಳವಳ ತಾನಾಗೇ ಇಳಿಯುತ್ತೆ ಅನ್ನೋದನ್ನು ನೋಡಲು ನಿಮ್ಮ ಮನಸ್ಸಿಗೆ ಅವಕಾಶವೇ ಸಿಕ್ಕಿಲ್ಲ.

ಹಾಗಾಗಿ "ದಿನಾ ಅರ್ಧ ಗಂಟೆ ವಿಶ್ರಾಂತಿ ತಗೊಳ್ಳಿ" ಅಂತ ನಾನು ಹೇಳಲ್ಲ. ಹೇಳಿದರೆ ಅದನ್ನೂ ಆಪ್‌ಗೆ ಸೇರಿಸಿ ಟಿಕ್ ಹಾಕ್ತೀರಿ! ಧ್ಯಾನದಲ್ಲೂ ನಿನ್ನೆಗಿಂತ ಎರಡು ನಿಮಿಷ ಜಾಸ್ತಿ ಕೂತೆ ಅಂತ ಲೆಕ್ಕ ಕೊಡುವವರು ನನ್ನ ಹತ್ತಿರ ಬರ್ತಾರೆ. ನೀವು ಮಾಡಬೇಕಾದ್ದು ಬೇರೆ. ವಾರದ ಮಧ್ಯೆ ಒಂದು ದಿನ, ಬೇಕಂತಲೇ, ಒಂದು ಸಣ್ಣ ಟಿಕ್ ಬಿಡಿ. ಜರ್ಮನ್ ಪಾಠವೇ ಇರಲಿ. ಬಿಡೋ ಮೊದಲು ಒಂದು ಚೀಟಿಯಲ್ಲಿ ಬರೆಯಿರಿ: ಬಿಟ್ಟರೆ ಏನಾಗುತ್ತೆ ಅಂತ ಭಯ? ಕಳವಳ ಹತ್ತಕ್ಕೆ ಎಷ್ಟು? ಒಂದು ಗಂಟೆ ಬಿಟ್ಟು ಮತ್ತೆ ಅಂಕ ಹಾಕಿ, ಮಲಗುವಾಗ ಒಮ್ಮೆ, ಬೆಳಿಗ್ಗೆ ಒಮ್ಮೆ. ಮಾರನೇ ದಿನ ಎರಡು ಪಾಠ ಮಾಡಿ ಸರಿದೂಗಿಸೋ ಹಾಗಿಲ್ಲ. ಇದೇ ಕಷ್ಟದ ಭಾಗ, ಇಲ್ಲೇ ತುಂಬಾ ಜನ ಜಾರುತ್ತಾರೆ. ಹೀಗೆ ಟಿಕ್ ಬಿಡೋದು ಬೇಜಾರು ಹುಟ್ಟಿಸುವಷ್ಟು ಸಲೀಸಾದ ಮೇಲೆ ಪಾಡ್‌ಕಾಸ್ಟ್ ಇಲ್ಲದೆ ಪಾತ್ರೆ ತೊಳೆಯಿರಿ. ಸ್ಟ್ರೀಕ್ (ಒಂದು ದಿನವೂ ತಪ್ಪಿಸದೆ ಎಷ್ಟು ದಿನ ಮಾಡಿದಿರಿ ಅನ್ನೋ ಲೆಕ್ಕ) ನೆನಪಿಸುವ ನೋಟಿಫಿಕೇಶನ್ ಇವತ್ತೇ ಆಫ್ ಮಾಡಿ.

ನಿದ್ದೆಗೆ ಇನ್ನೊಂದು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಸಣ್ಣ ಪ್ರಯೋಗ ಪ್ರಕಟಿಸಿದರು. ಮಲಗುವ ಮುಂಚೆ 5 ನಿಮಿಷ, ಮುಂದೆ ಮಾಡಬೇಕಾದ್ದನ್ನು ಬರೆದವರಿಗೆ, ಮುಗಿಸಿದ್ದನ್ನು ಬರೆದವರಿಗಿಂತ ಬೇಗ ನಿದ್ದೆ ಬಂತು. ರಾತ್ರಿ ಟಿಕ್‌ಗಳನ್ನು ಎಣಿಸೋ ಬದಲು ನಾಳೆಯದನ್ನು ಹಾಳೆಗೆ ಇಳಿಸಿ, ಮುಚ್ಚಿಡಿ.

ಒಂದು ಎಚ್ಚರಿಕೆ. ಎರಡು ಮೂರು ಗಂಟೆ ಮಲಗಿದರೂ ದಣಿವಿಲ್ಲ, ತಲೆಯಲ್ಲಿ ಯೋಚನೆಗಳ ಓಟ, ಕೈಬಿಚ್ಚಿ ಖರ್ಚು, ಇಷ್ಟೂ ಒಟ್ಟಿಗೆ ಇದ್ದರೆ ಅದು ಬೇರೆ ವಿಷಯ. ತಡಮಾಡದೆ ಮನೋವೈದ್ಯರನ್ನು ನೋಡಿ. ಬದುಕೇ ಬೇಡ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಒಬ್ಬ ಹಿರಿಯ ಸದಸ್ಯರು: ಕಾಯಕವೇ ಕೈಲಾಸ ಅಂದ ನಾಡಮ್ಮ ಇದು. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂತ ನಾರಾಯಣ ಮೂರ್ತಿಯವರೇ 2023ರಲ್ಲಿ ಹೇಳಲಿಲ್ವಾ?

ಉತ್ತರ: ಹೇಳಿದರು ಸರ್. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಇನ್ನೊಂದು ಹೇಳಿವೆ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು. ಇನ್ನು ಕಾಯಕದ ಮಾತು. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ ಅವನ ಹೆಂಡತಿ ಲಕ್ಕಮ್ಮ ಏನು ಮಾಡಿದಳು? ಇಷ್ಟು ಅಕ್ಕಿಯ ಆಸೆ ನಿಮಗೇಕೆ ಅಂತ ಕೇಳಿ, ಹೆಚ್ಚಿನದನ್ನು ವಾಪಸ್ ಸುರಿದು ಬರಲು ಕಳಿಸಿದಳು. ಶರಣರ ಕಾಯಕಕ್ಕೆ "ಸಾಕು" ಅನ್ನೋದು ಗೊತ್ತಿತ್ತು.

ಒಬ್ಬ ಸದಸ್ಯೆ: ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಮೇಡಂ. ಗಂಟೆಗಿಷ್ಟು ಪೀಸ್ ಅಂತ ಟಾರ್ಗೆಟ್. ಮನೆಗೆ ಬಂದರೂ ಕೈ ಸುಮ್ನಿರಲ್ಲ. ನನಗೂ ಇದೇ ಗೀಳಾ?

ಉತ್ತರ: ಇಲ್ಲಮ್ಮ, ನಿಮ್ಮದು ಹೊರೆ. ಟಾರ್ಗೆಟ್ ಇಟ್ಟವರು ಬೇರೆಯವರು. ಮೇಲೆ ಹೇಳಿದ ಚೀಟಿ, ಅಂಕ ಯಾವುದೂ ನಿಮಗಲ್ಲ. ವಾರಕ್ಕೆ 48 ಗಂಟೆ ಮೀರಿ ದುಡಿಸಿದರೆ ದುಪ್ಪಟ್ಟು ಕೂಲಿ ಕೊಡಬೇಕು ಅಂತ ಕಾನೂನಿದೆ. ಅದು ಸಿಗದಿದ್ದರೆ ಯೂನಿಯನ್‌ನವರ ಜೊತೆ ಅಥವಾ ಕಾರ್ಮಿಕ ಇಲಾಖೆಯಲ್ಲಿ ಮಾತಾಡಿ. ಇಂಥ ಕಡೆ ಸಮಾಲೋಚನೆ ಆಮೇಲಿನ ಮಾತು.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ. ಸ್ಟ್ರೀಕ್ ಮುರಿಯೋದನ್ನು ನೆನೆಸಿಕೊಂಡರೇ ಎದೆ ಡವಡವ ಅನ್ನುತ್ತೆ. ಜರ್ಮನ್ ಬಿಟ್ಟ ಆ ಹೊತ್ತಲ್ಲಿ ಬೇರೇನಾದ್ರೂ ಓದಿಕೊಳ್ಳಬಹುದಾ?

ಉತ್ತರ: ಇಲ್ಲ! ಓದೋದೂ ಬೇಡ, ಕೋಣೆ ಗುಡಿಸೋದೂ ಬೇಡ. ಡವಡವ ಅನ್ನೋದು ಇಳಿಯೋ ತನಕ ಹಾಗೇ ಇರಿ. ಜರ್ಮನ್ ತುಂಬಾ ಜಾಸ್ತಿ ಅನ್ನಿಸಿದರೆ ಇನ್ನೂ ಸಣ್ಣದರಿಂದ ಶುರು ಮಾಡಿ: ಪಾಠ ಮಾಡಿ, ಟಿಕ್ ಮಾತ್ರ ಹಾಕಬೇಡಿ. ಆ ಹತ್ತಕ್ಕೆ ಎಷ್ಟು ಅನ್ನೋ ಅಂಕಗಳನ್ನು ಚೀಟಿಯಲ್ಲೇ ಬರೆಯಿರಿ, ದಯವಿಟ್ಟು ಆಪ್‌ನಲ್ಲಿ ಅಲ್ಲ. ನಾಲ್ಕೈದು ಸಲ ಆದ ಮೇಲೂ ಅಂಕ ಇಳಿಯದಿದ್ದರೆ ಒಬ್ಬ ಮನಃಶಾಸ್ತ್ರಜ್ಞರನ್ನು ಎದುರಾ ಎದುರು ಕಾಣಿ, ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಮನೆಯಲ್ಲಿ ನೀವು ಹೇಗಿರುತ್ತೀರಿ ಅಂತ ನಿಮಗಿಂತ ಅವರೇ ಸರಿಯಾಗಿ ಹೇಳ್ತಾರೆ.