ಓಇಟಿ ಸ್ಪೀಕಿಂಗ್‌ನಲ್ಲಿ ರೋಗಿಗೆ ‘ಆಗುವುದಿಲ್ಲ’ ಎಂದು ಹೇಳುವುದು ಹೇಗೆ?

ಪ್ರಶ್ನೆ: ಪೆರ್ಲದ ನರ್ಸ್

ಎಲ್ಲರಿಗೂ ನಮಸ್ಕಾರ. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿ, ಈಗ ಕಾಸರಗೋಡಿನ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದೇನೆ. ಬ್ರಿಟನ್ನಿಗೆ ಹೋಗಬೇಕೆಂದು ಓಇಟಿ, ಅಂದರೆ ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆ, ಬರೆದಾಗ ಉಳಿದ ಮೂರು ವಿಭಾಗಗಳು ದಾಟಿದವು. ಸ್ಪೀಕಿಂಗ್‌ನಲ್ಲಿ 350 ಬೇಕಿದ್ದಲ್ಲಿ 330 ಬಂದು ನಿಂತಿತು. ಕಳೆದ ವಾರ ತರಗತಿಯಲ್ಲಿ ಅಭ್ಯಾಸ ಮಾಡುವಾಗ ಕಾರಣ ಸ್ವಲ್ಪ ಗೊತ್ತಾಯಿತು. ಶಸ್ತ್ರಚಿಕಿತ್ಸೆಗೆ ಕಾಯುತ್ತಿರುವ ರೋಗಿಯಾಗಿ ನಟಿಸಿದವರು ಒಂದು ಕಪ್ ಚಹಾ ಕೇಳಿದರು. ನಾನು ‘ಸಾರಿ, ನಾಟ್ ಪಾಸಿಬಲ್’ ಎಂದೆ. ಮತ್ತೊಮ್ಮೆ ಕೇಳಿದಾಗ ಅದನ್ನೇ ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಮೂರನೆಯ ಸಲ ಏನೂ ತೋಚದೆ ‘ಓಕೆ, ವಿ ವಿಲ್ ಸೀ’ ಎಂದುಬಿಟ್ಟೆ. ಮೊದಲಿನದು ಒರಟು, ಕೊನೆಯದು ಸುಳ್ಳು ಎಂದು ಅಧ್ಯಾಪಕರು ಹೇಳಿದರು. ಇವೆರಡರ ನಡುವೆ ಏನು ಹೇಳಬೇಕೆಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಬದಿಯಡ್ಕದವಳು, ಈಗ ಬ್ರಿಟನ್ನಿನಲ್ಲಿ

ತಂಗೀ, ನೀವು ಕೊನೆಗೆ ಹೇಳಿದ ‘ವಿ ವಿಲ್ ಸೀ’ ನಮ್ಮೂರಿನ ‘ನೋಡುವ’ ಎಂಬ ಮಾತೇ. ಕನ್ನಡದ ‘ನೋಡುವ’, ತುಳುವಿನ ‘ತೂಕ’, ಮಲಯಾಳದ ‘ನೋಕ್ಕಾಂ’, ಈ ಮೂರಕ್ಕೂ ನಮ್ಮ ಕಡೆ ಬಹುಪಾಲು ‘ಆಗುವುದಿಲ್ಲ’ ಎಂದೇ ಅರ್ಥ, ಮತ್ತು ಕೇಳಿದವರೂ ಹಾಗೆಯೇ ತಿಳಿದುಕೊಂಡು ಸುಮ್ಮನಾಗುತ್ತಾರೆ. ಇಂಗ್ಲಿಷಿನ ರೋಗಿ ಮಾತ್ರ ಚಹಾ ಬರುತ್ತದೆಂದು ಬಾಗಿಲು ನೋಡುತ್ತಾ ಕುಳಿತುಕೊಳ್ಳುತ್ತಾನೆ. ಮೊದಲ ಸಲ ಬರೆದಾಗ ನಾನೂ ಇದೇ ತಪ್ಪು ಮಾಡಿದ್ದೆ.

ಪರೀಕ್ಷೆಯಲ್ಲಿ ನಟಿಸಬೇಕಾದ ಸನ್ನಿವೇಶ ಬರೆದ ಕಾರ್ಡ್ ಓದುವುದಕ್ಕೆ ಸಿಗುವ 3 ನಿಮಿಷಗಳಲ್ಲಿ ರೋಗಿ ಏನು ಕೇಳಬಹುದು, ಅದನ್ನು ಏಕೆ ಕೊಡಲಾಗದು ಮತ್ತು ಅದರ ಬದಲು ಏನು ಕೊಡಬಹುದು ಎಂಬುದನ್ನು ಕಾರ್ಡಿನ ಅಂಚಿನಲ್ಲೇ ಗೀಚಿಕೊಳ್ಳಿ. ಚಹಾದ ವಿಷಯವನ್ನೇ ತೆಗೆದುಕೊಳ್ಳಿ. ಅರಿವಳಿಕೆಗೆ ಮೊದಲು ಗಟ್ಟಿ ಆಹಾರವನ್ನು 6 ಗಂಟೆ, ನೀರಿನಂಥ ತಿಳಿ ಪಾನೀಯವನ್ನು 2 ಗಂಟೆ ಮೊದಲೇ ನಿಲ್ಲಿಸುವುದು ಸಾಮಾನ್ಯ ನಿಯಮ; ಹಾಲು ಹಾಕಿದ ಚಹಾ ತಿಳಿ ಪಾನೀಯದ ಲೆಕ್ಕಕ್ಕೆ ಬರುವುದಿಲ್ಲ. ಇದು ನಮಗೆ ನಿದ್ದೆಯಲ್ಲೂ ಗೊತ್ತು, ಆದ್ದರಿಂದಲೇ ರೋಗಿಗೂ ಗೊತ್ತಿರಬೇಕೆಂದು ಭಾವಿಸಿ ಬರೇ ‘ನಾಟ್ ಪಾಸಿಬಲ್’ ಎಂದು ಹೇಳಿ ಮುಗಿಸುತ್ತೇವೆ. ಮೊದಲು ಕೇಳಿ: ಬಾಯಿ ಒಣಗಿದೆಯೇ, ತಲೆನೋವೇ, ಅಥವಾ ಹೆದರಿಕೆಯಿಂದ ಏನಾದರೂ ಬೇಕೆನಿಸುತ್ತಿದೆಯೇ? ಅವರು ಹೇಳಿದ ಮೇಲೆ ‘ಐ ಕ್ಯಾನ್ ಸೀ ಯೂ ಆರ್ ಥರ್ಸ್ಟಿ, ಬಟ್ ಐ ಆಮ್ ಅಫ್ರೇಡ್ ಐ ಕಾಂಟ್ ಗಿವ್ ಯೂ ಟೀ ಬಿಫೋರ್ ದಿ ಆಪರೇಷನ್’ ಎನ್ನಿ. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಅರಿವಳಿಕೆಯ ಹೊತ್ತಿನಲ್ಲಿ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ ಎಂಬುದನ್ನು ಸರಳವಾಗಿ ಒಂದೇ ವಾಕ್ಯದಲ್ಲಿ ತಿಳಿಸಿ, ಬಾಯಿ ಒದ್ದೆ ಮಾಡಿಕೊಡುತ್ತೇನೆಂದೂ ಎಷ್ಟು ಹೊತ್ತಿಗೆ ಒಳಗೆ ಕರೆಯುತ್ತಾರೆಂದು ವಿಚಾರಿಸಿ ಬರುತ್ತೇನೆಂದೂ ಹೇಳಿ. ನಿರಾಕರಣೆ ಒಮ್ಮೆ ಮಾತ್ರ, ಆದರೆ ಸ್ಪಷ್ಟವಾಗಿ ಬರಲಿ.

ಉತ್ತರ: ಮಂಜೇಶ್ವರದಿಂದ, ಇಂಗ್ಲಿಷ್ ಕಲಿಸುವವನು

ಮೇಲಿನವರ ಮಾತು ಸರಿ, ಆದರೆ ‘ಐ ಆಮ್ ಅಫ್ರೇಡ್’ ಎಂಬುದನ್ನು ಬಾಯಿಪಾಠ ಮಾಡಿ ಪ್ರತಿ ವಾಕ್ಯಕ್ಕೂ ಅಂಟಿಸುವ ವಿದ್ಯಾರ್ಥಿಗಳನ್ನು ನಾನು ದಿನವೂ ನೋಡುತ್ತೇನೆ. ಆ ಪದಗಳನ್ನು ಸಮತಟ್ಟಾದ ಧ್ವನಿಯಲ್ಲಿ ಓದಿದಂತೆ ಹೇಳಿದರೆ ಅದೂ ‘ನಾಟ್ ಪಾಸಿಬಲ್’ನಷ್ಟೇ ಒರಟಾಗಿ ಕೇಳಿಸುತ್ತದೆ.

ಇನ್ನೊಂದು ವಿಷಯ. ರೋಗಿಯಾಗಿ ಮಾತನಾಡುವವರ ಕಾರ್ಡಿನಲ್ಲಿ ಒಪ್ಪದೆ ಹಟ ಹಿಡಿಯಬೇಕೆಂದು ಬರೆದಿರಬಹುದು, ಆದ್ದರಿಂದ ಅವರು ಮತ್ತೆ ಮತ್ತೆ ಕೇಳಿದರೆ ನೀವು ಸೋತಿರೆಂದು ಅರ್ಥವಲ್ಲ. ಅಂಕ ಕೊಡುವವರೂ ಅವರಲ್ಲ. ಧ್ವನಿಮುದ್ರಣವನ್ನು ಬೇರೆಯವರು ಕೇಳಿ ಮೌಲ್ಯಮಾಪನ ಮಾಡುತ್ತಾರೆ. ಭಾಷೆಯ 4 ಮಾನದಂಡಗಳಲ್ಲದೆ ರೋಗಿಯೊಂದಿಗಿನ ಸಂವಹನಕ್ಕೂ 5 ಮಾನದಂಡಗಳಿವೆ. ರೋಗಿಯ ದೃಷ್ಟಿಯನ್ನು ಅರಿತುಕೊಳ್ಳುವುದು ಅವುಗಳಲ್ಲೊಂದು. ನಮ್ಮ ಊಟದ ಪಂಕ್ತಿಯಲ್ಲಿ ಎಲೆಗೆ ಎರಡೂ ಕೈ ಅಡ್ಡ ಹಿಡಿದು ‘ಸಾಕು, ಸಾಕು’ ಎಂದರೂ ಹೋಳಿಗೆಯವರು ಬೆರಳ ಸಂದಿಯಲ್ಲಿ ಒಂದನ್ನು ಜಾರಿಸಿಯೇ ಮುಂದೆ ಹೋಗುತ್ತಾರೆ. ಮೊದಲ ‘ಬೇಡ’ಕ್ಕೆ ಬೆಲೆಯಿಲ್ಲವೆಂದು ಕಲಿತ ನಾವು ಎರಡನೆಯದನ್ನು ಜೋರಾಗಿ ಹೇಳುತ್ತೇವೆ. ಪರೀಕ್ಷೆಯಲ್ಲಿ ಎರಡನೆಯ ಸಲ ಧ್ವನಿ ತಗ್ಗಲಿ, ಮಾತು ಬದಲಾಗಲಿ: ‘ವಾಟ್ ವರೀಸ್ ಯೂ ಮೋಸ್ಟ್ ಅಬೌಟ್ ವೇಟಿಂಗ್?’ ಎಂಬಂಥ ಪ್ರಶ್ನೆ ಸಾಕಾಗುತ್ತದೆ.

ಉತ್ತರ: ಉಪ್ಪಳದಿಂದ

ನಾನು ಕೆನಡಾಕ್ಕಾಗಿ ಇಂಗ್ಲಿಷ್ ಪರೀಕ್ಷೆಯಾದ ಸೆಲ್‌ಪಿಪ್ ಬರೆದವನು. ಅಲ್ಲಿನ ಸ್ಪೀಕಿಂಗ್ ವಿಭಾಗದ 6ನೆಯ ಪ್ರಶ್ನೆ ಇಂಥ ಇಕ್ಕಟ್ಟಿನದೇ: 60 ಸೆಕೆಂಡು ಯೋಚಿಸಿ 60 ಸೆಕೆಂಡು ಕಂಪ್ಯೂಟರಿನ ಮುಂದೆ ಮಾತನಾಡಬೇಕು, ಎದುರಿನಿಂದ ಹೂಂ ಎನ್ನುವವರೂ ಇಲ್ಲ. ಕ್ಷಮೆ ಕೇಳುವುದರಲ್ಲೇ ನನ್ನ 40 ಸೆಕೆಂಡು ಮುಗಿದಿತ್ತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಅಕ್ಕಾ, ನೀವು ಹೇಳಿದ ಹಾಗೆ ಇಂದು ವಾರ್ಡಿನಲ್ಲಿ, ಊರಿಗೆ ಬಿಡಿ ಎಂದು ಹಟ ಮಾಡುತ್ತಿದ್ದ ಅಜ್ಜಿಯೊಬ್ಬರನ್ನು ಏಕೆಂದು ತುಳುವಿನಲ್ಲೇ ಕೇಳಿದೆ. ಮನೆಯಲ್ಲಿ ಹಸು ಕರು ಹಾಕುವ ಹೊತ್ತಂತೆ. ಮಗನಿಗೆ ಫೋನ್ ಹಚ್ಚಿಕೊಟ್ಟೆ, ಅಜ್ಜಿ ಮಲಗಿದರು. ಇದನ್ನೇ ಇಂಗ್ಲಿಷಿನಲ್ಲಿ 5 ನಿಮಿಷದೊಳಗೆ ಮಾಡಬೇಕು. ರಾತ್ರಿ ನಮ್ಮ ಅತ್ತಿಗೆ ರೋಗಿಯಾಗಿ ಕುಳಿತುಕೊಳ್ಳಲು ಒಪ್ಪಿದ್ದಾರೆ. ಹಟ ಹಿಡಿಯುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ.