ಅಳಿಯನ ಕಾರಿಗೆ ಇಟಲಿಯಿಂದ ದಂಡದ ಪತ್ರ, ಕಟ್ಟಲೇಬೇಕಾ?

ಪ್ರಶ್ನೆ: ಪಿ.ಜೆ. ಬಡಾವಣೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ಅಳಿಯ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾರೆ. ಹೋದ ರಜದಲ್ಲಿ ತಮ್ಮ ಕಾರಲ್ಲೇ ಇಟಲಿಯ ವೆರೋನಾ ಕಡೆ ಹೋಗಿಬಂದರು. ಎಂಟು ತಿಂಗಳಾದ ಮೇಲೆ ಈಗ ಅಳಿಯನ ಹೆಸರಿಗೆ ಅಲ್ಲಿನ ಪೊಲೀಸರ ಪತ್ರ ಬಂದಿದೆ: ಅತಿವೇಗ, ಖರ್ಚು ಸೇರಿ ನೂರು ಯೂರೋ ಮೇಲೆ. ಆವತ್ತು ಗಾಡಿ ಓಡಿಸಿದ್ದು ಮಗಳು. "ಬೇರೆ ದೇಶದ್ದು, ಇಷ್ಟು ತಡವಾಗಿ ಬಂದಿದೆ, ಸುಮ್ಮನಿದ್ದುಬಿಡಿ" ಅಂತಾರಂತೆ ಅಲ್ಲಿನ ಗೆಳೆಯರು. ಮುಂದೆ ಲೈಸೆನ್ಸಿಗೆ ತೊಂದರೆ ಆದೀತೇನೋ ಅಂತ ನನಗೆ ಚಿಂತೆ. ತಿಳಿದವರು ಹೇಳಿ.

ಉತ್ತರ: ದುರ್ಗದವಳು

ಸರ್, ಸುಮ್ಮನಿರಬೇಡಿ ಅಂತ ಅವರಿಗೆ ಇವತ್ತೇ ಹೇಳಿ. ಮ್ಯೂನಿಕ್‌ನಲ್ಲಿ ಸಾಗಣೆ ಕಂಪನಿಯೊಂದರಲ್ಲಿ ಇದ್ದಾಗ ಇಂಥ ಪತ್ರಗಳಿಗೆ ಉತ್ತರ ಬರೆಯೋದು ನನ್ನ ಕೆಲಸವಾಗಿತ್ತು. ತಡವಾಯ್ತು ಅನ್ನೋ ವಾದ ನಿಲ್ಲಲ್ಲ. ಹೊರದೇಶದವರಿಗೆ ನೋಟಿಸ್ ಮುಟ್ಟಿಸೋಕೆ ಇಟಲಿ ಕಾನೂನು 360 ದಿನ ಕೊಡುತ್ತೆ. ವಿಳಾಸ ಸಿಗೋದೂ ಕಷ್ಟವಿಲ್ಲ. 2015ರ ಐರೋಪ್ಯ ಒಕ್ಕೂಟದ ನಿರ್ದೇಶನದಲ್ಲಿ ಅತಿವೇಗ, ಕೆಂಪು ದೀಪ ದಾಟೋದು, ಕುಡಿದು ಓಡಿಸೋದು ಸೇರಿ ಹಲವು ತಪ್ಪುಗಳಿವೆ. ಅವುಗಳಿಗೆ ಒಂದು ದೇಶದ ಪೊಲೀಸರು ಇನ್ನೊಂದು ದೇಶದ ನೋಂದಣಿ ದಾಖಲೆಯಿಂದ ಮಾಲೀಕರ ಹೆಸರು ವಿಳಾಸ ತೆಗೆಯಬಹುದು.

ಕಟ್ಟದೇ ಬಿಟ್ಟರೆ ಇಟಲಿಯವರು ಕಡತವನ್ನ ಜರ್ಮನಿಯ ಬಾನ್ ನಗರದ ಫೆಡರಲ್ ನ್ಯಾಯ ಕಚೇರಿಗೆ ಕಳಿಸಬಹುದು. ಖರ್ಚು ಸೇರಿ 70 ಯೂರೋ ಆಗಿದ್ದರೆ ಸಾಕು, ಅವರೇ ವಸೂಲಿಗೆ ಇಳೀತಾರೆ.

ಮಗಳು ಓಡಿಸಿದ್ದು ಅಂದಿರಲ್ಲ, ಅದು ಮುಖ್ಯ. ಇಟಲಿಯಲ್ಲಿ ಮಾಲೀಕನೂ ಹೊಣೆ, ಜರ್ಮನಿಯಲ್ಲಿ ಇಂಥ ದಂಡಕ್ಕೆ ಓಡಿಸಿದವರಷ್ಟೇ ಹೊಣೆ. ಅಳಿಯಂದಿರು ಇಟಲಿಯವರಿಗೆ ಈಗಲೇ "ನಾನು ಓಡಿಸಿಲ್ಲ" ಅಂತ ಬರೆದಿಟ್ಟು, ಮುಂದೆ ಬಾನ್‌ನವರು ಕೇಳಿದಾಗಲೂ ಅದನ್ನೇ ಹೇಳಿದರೆ ಅಲ್ಲಿ ವಸೂಲಿ ನಿಲ್ಲುತ್ತೆ. ಪತ್ರ ಡ್ರಾಯರಿಗೆ ಹಾಕಿ ಕೂತವರಿಗೆ ಈ ರಕ್ಷಣೆ ಇಲ್ಲ.

ಹಾಗಂತ ತಪ್ಪಿಸ್ಕೊಳ್ಳೋ ದಾರಿ ಹೇಳಿಕೊಡ್ತಿಲ್ಲ. ವೇಗ ನಿಜವಾಗಿದ್ದರೆ ಮಗಳು ಕಟ್ಟಲಿ. ಹೊರದೇಶದ ಚಾಲಕರು ಸಂಚಾರದಲ್ಲಿ ಸುಮಾರು 5% ಇದ್ದರೂ, ಸಿಕ್ಕಿಬಿದ್ದ ಅತಿವೇಗದ ಪ್ರಕರಣಗಳಲ್ಲಿ 15% ಅವರವೇ ಅಂತ ಐರೋಪ್ಯ ಆಯೋಗ ಹೇಳಿತ್ತು. ನಮ್ಮನ್ನ ಯಾರು ಹಿಡೀತಾರೆ ಅನ್ನೋ ಧೈರ್ಯ ಅದು. ಆ ರಸ್ತೆ ದಾಟೋ ಮಕ್ಕಳಿಗೆ ಗಾಡಿ ಯಾವ ದೇಶದ್ದಾದರೇನು? ಪತ್ರ ಮುಟ್ಟಿದ 5 ದಿನದೊಳಗೆ ಕಟ್ಟಿದರೆ ಸಾಮಾನ್ಯವಾಗಿ 30% ಕಡಿಮೆ. ಇದಕ್ಕೆ ಜರ್ಮನಿಯಲ್ಲಿ ಲೈಸೆನ್ಸ್ ಮೇಲೆ ತಪ್ಪಿನ ಪಾಯಿಂಟ್ ಬೀಳಲ್ಲ, ಆ ಚಿಂತೆ ಬಿಡಿ.

ಉತ್ತರ: ಲಾರಿ ಮಾಲೀಕ, ಹಳೇ ದಾವಣಗೆರೆ

ಮೇಡಂ ಹೇಳಿದ್ದು ಸರಿ ಐತ್ರೀ. ನಮ್ಮ ಹೆಬ್ಬಾಳು ಟೋಲ್ ಹತ್ರ ನಿಂತು ನೋಡ್ರಿ, ಮಹಾರಾಷ್ಟ್ರ, ತಮಿಳುನಾಡು, ರಾಜಸ್ಥಾನ, ಎಲ್ಲಾ ರಾಜ್ಯದ ನಂಬರೂ ಹೋಗ್ತವೆ. ನಮ್ಮಲ್ಲಿ ಕೇಂದ್ರದ ಮೋಟಾರು ವಾಹನ ನಿಯಮ 167ಎ ಪ್ರಕಾರ ಕ್ಯಾಮೆರಾ ಚಲನ್ ಆದ್ರೆ 15 ದಿನದಾಗೆ ನೋಟಿಸ್ ಕಳಿಸ್ಬೇಕು. ಆದ್ರೆ ಗಾಡಿ ಮೂರು ಕೈ ದಾಟಿದ್ರೂ ಆರ್‌ಸಿಯಾಗೆ ಮೊದಲನೇ ಮಾಲೀಕನ ಮೊಬೈಲೇ ಇದ್ರೆ ಮೆಸೇಜ್ ಯಾರಿಗೆ ಹೋಗ್ತದೆ? ಗಾಡಿ ತಗೊಂಡ ವಾರದಾಗೆ ಹೆಸರು, ನಂಬರು ಬದಲಿಸ್ಬೇಕು ಅಂತ ನಮ್ಮ ಹುಡುಗ್ರಿಗೆ ಯಾವಾಗ್ಲೂ ಹೇಳ್ತೀನಿ.

ಇನ್ನೊಂದು ಮಾತು, ಪತ್ರ ಅಂಚೆಯಾಗೇ ಬಂದೈತಾ? ಇಲ್ಲಿ ವಾಟ್ಸಾಪ್‌ನಾಗೆ ಸುಳ್ಳು ಚಲನ್ ಕಳಿಸಿ, ಒತ್ತಿದ್ರೆ ದುಡ್ಡು ಎಳಕೊಳ್ಳೋ ಆಟ ನಡೀತೈತಿ.

ಪ್ರಶ್ನೆ ಕೇಳಿದವರು:

ಅಂಚೆಯಲ್ಲೇ, ರಿಜಿಸ್ಟರ್ಡ್ ಆಗಿ ಬಂದಿದೆ, ಜರ್ಮನ್ ಭಾಷೆಯಲ್ಲಿ. ಮಗಳಿಗೆ ಫೋನ್ ಮಾಡಿದೆ, ಕಟ್ಟೋಕೆ ಒಪ್ಪಿದಳು. ಆದರೆ ಆ ಜಾಗದಲ್ಲಿ ವೇಗಮಿತಿಯ ಫಲಕವೇ ಇರಲಿಲ್ಲ ಅಂತಾಳೆ. ತಕರಾರು ಹಾಕಬಹುದಾ?

ದುರ್ಗದವಳು:

ಹಾಕಬಹುದು ಸರ್. ಪತ್ರ ಮುಟ್ಟಿದ ದಿನದಿಂದ 60 ದಿನದೊಳಗೆ ಅಲ್ಲಿನ ಪ್ರಿಫೆಕ್ಟ್‌ಗೆ (ಪ್ರಾಂತ್ಯದಲ್ಲಿ ಸರ್ಕಾರದ ಪ್ರತಿನಿಧಿ), ಇಲ್ಲವೇ ಶಾಂತಿ ನ್ಯಾಯಾಧೀಶರಿಗೆ (ಸಣ್ಣ ಪ್ರಕರಣ ನೋಡೋ ನ್ಯಾಯಾಧೀಶರು); ಹೊರದೇಶದಲ್ಲಿರೋರಿಗೆ ಅಲ್ಲೂ 60 ದಿನವೇ. ಹಣ ಕಟ್ಟಿಬಿಟ್ಟರೆ ತಕರಾರಿನ ಹಕ್ಕು ಹೋಗುತ್ತೆ, ಅದಕ್ಕೆ ಮೊದಲು ಫೋಟೋ ತರಿಸಿ ನೋಡೋಕೆ ಹೇಳಿ. ಲಕೋಟೆ ಎಸೀಬೇಡಿ, ದಿನಾಂಕದ ಮುದ್ರೆ ಇರೋದು ಅದರ ಮೇಲೇ.